ಎಂಬತ್ತು ಸೆಕೆಂಡಿನ ಗಣಿತ

ನಮ್ಮ ಕಾಲದ ರೇಖಾಗಣಿತಕ್ಕೆ ಒಂದು ಮರ್ಯಾದೆ ಇತ್ತು. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಮದುವೆ ಶಾಸ್ತ್ರದ ಹಾಗೆ ಒಂದೊಂದನ್ನೇ ಮುಗಿಸಿಕೊಂಡು ಬರಬೇಕಿತ್ತು. ಕೊನೆಗೆ ಉತ್ತರ ಕೈಕೊಟ್ಟರೂ ಶಾಸ್ತ್ರ ಮಾಡಿದ್ದಕ್ಕೆಂದು ಮೇಷ್ಟ್ರು ಅರ್ಧ ಅಂಕವಾದರೂ ಹಾಕುತ್ತಿದ್ದರು. ಸಿಇಟಿಯ ಓಎಂಆರ್ ಹಾಳೆಗೆ ಈ ದಾಕ್ಷಿಣ್ಯ ಗೊತ್ತಿಲ್ಲ. ಗಣಿತಕ್ಕೆ 60 ಪ್ರಶ್ನೆ, 80 ನಿಮಿಷ. ಒಂದೊಂದಕ್ಕೆ 80 ಸೆಕೆಂಡು. ವೃತ್ತಕ್ಕೆ ಮಸಿ ತುಂಬುವುದೂ ನಿಟ್ಟುಸಿರು ಬಿಡುವುದೂ ಅದರೊಳಗೇ.

ಅಕ್ಕನ ಮಗಳು ಈ ಸಲ ಪರೀಕ್ಷೆಗೆ ಕೂರುವವಳು. ಅವಳಿಗೆ ವೇಗ ಕಲಿಸಲು ನಾನು ಹತ್ತೊಂಬತ್ತರ ಮಗ್ಗಿ, ಕಾಲು, ಅರೆ, ಮುಕ್ಕಾಲುಗಳ ಸಮೇತ ಹೊರಟೆ. 48ನ್ನು 25ರಿಂದ ಗುಣಿಸಬೇಕೆ? 48ರಲ್ಲಿ ಕಾಲು ಭಾಗ 12, ಮುಂದೆ ಎರಡು ಸೊನ್ನೆ, ಆಯಿತು 1200. 25ರಲ್ಲಿ ಶೇಕಡಾ 16 ಎಷ್ಟು? ತಿರುಗಿಸಿ 16ರಲ್ಲಿ ಶೇಕಡಾ 25 ಅನ್ನು, ನಾಲ್ಕು.

"ಚೆನ್ನಾಗಿದೆ ಮಾಮ. ಆದ್ರೆ ಇದು ಬ್ಯಾಂಕ್ ಪರೀಕ್ಷೆಯವರಿಗೆ. ನಮಗೆ ಇಂಟಿಗ್ರೇಶನ್ ಬರುತ್ತೆ."

ನನ್ನ ಮಗ್ಗಿ ಅಲ್ಲೇ ಮುಗ್ಗರಿಸಿತು.

ಪಕ್ಕದ ಮನೆಯ ಹಿರಿಯರಂತೂ ಬಂದಾಗಲೆಲ್ಲ ಶಕುಂತಲಾ ದೇವಿಯವರನ್ನು ಎಳೆದು ತರುತ್ತಾರೆ. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರು 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದು ನಿಜವೇ. ಆದರೆ ಆವತ್ತು ಅವರನ್ನು ಯಾರೂ "ಕೆಳಗಿನವುಗಳಲ್ಲಿ ಯಾವುದು ಸರಿಯಲ್ಲ?" ಎಂದು ಕೇಳಿರಲಿಲ್ಲ. ನಮ್ಮ ಮಕ್ಕಳು ಎಡವುವುದು ಇಂಥಲ್ಲಿ. ಕೇಳಿದ್ದು ವ್ಯಾಸ, ಹುಡುಗಿ ಕಂಡುಹಿಡಿದದ್ದು ತ್ರಿಜ್ಯ. ಅದೇ ಅಂಕಿ ಮೊದಲ ಆಯ್ಕೆಯಲ್ಲೇ ಹಲ್ಲು ಕಿರಿಯುತ್ತಿರುತ್ತದೆ. ಪ್ರಶ್ನೆ ತೆಗೆಯುವ ಪುಣ್ಯಾತ್ಮರಿಗೆ ನಾವು ಎಲ್ಲಿ ಅವಸರ ಮಾಡುತ್ತೇವೆಂಬುದು ನಮಗಿಂತ ಚೆನ್ನಾಗಿ ಗೊತ್ತು.

ಹುಡುಗಿಯ ವಿದ್ಯೆಯೇ ಬೇರೆ. ಒಂದರಲ್ಲಿ ಕಾಸ್ 2ಥೀಟಾ ಕಳೆದು ಸೈನ್ 2ಥೀಟಾದಿಂದ ಭಾಗಿಸಿದರೆ ಏನು ಬರುತ್ತದೆ ಎಂಬ ಪ್ರಶ್ನೆ. ನಾನಿನ್ನೂ ಸೂತ್ರ ನೆನೆಯುತ್ತಿದ್ದೆ. ಅವಳು ಥೀಟಾ 30 ಡಿಗ್ರಿ ಎಂದಿಟ್ಟುಕೊಂಡು, ಆಯ್ಕೆಗಳಿಗೂ ಅದನ್ನೇ ಹಾಕಿ ನೋಡಿ, "ಟ್ಯಾನ್ ಥೀಟಾ" ಎಂದಳು.

"45 ಇಟ್ರೆ ಇನ್ನೂ ಸುಲಭ ಅಲ್ವೇನೇ?"

"ಆಗ ಟ್ಯಾನೂ ಒಂದು, ಕಾಟೂ ಒಂದು. ಸಿಕ್ಕಿಹಾಕ್ಕೊಳ್ತೀರಿ ಮಾಮ."

ನಮ್ಮ ಮೇಷ್ಟ್ರು ಇದನ್ನು ಕಂಡಿದ್ದರೆ ಕಿವಿ ಹಿಂಡುತ್ತಿದ್ದರು. ಆದರೂ 45 ಬೇಡ, 30 ಇಡೋಣ ಅನ್ನುವ ಬುದ್ಧಿಗೆ ಗಣಿತ ಬಂದಿರಲೇಬೇಕು ಎಂದು ಈಗ ನನ್ನ ತೀರ್ಮಾನ.

ಕಠಿಣ ಪ್ರಶ್ನೆ ಕಂಡರೆ ಅವಳು ಗುರುತು ಹಾಕಿ ಮುಂದೆ ಹೋಗುತ್ತಾಳೆ. ಕೈಹಾಕಿದ ಲೆಕ್ಕವನ್ನು ಬಿಟ್ಟೇಳುವುದು ನಮ್ಮ ತಲೆಮಾರಿಗೆ ಅವಮಾನ. ಒಂದರ ಜತೆ ಹಟಕ್ಕೆ ಬಿದ್ದು ಐದು ನಿಮಿಷ ಕೊಟ್ಟರೆ ಕೊನೆಯ ಪುಟದ ಮೂರು ಸುಲಭದ ಪ್ರಶ್ನೆಗಳು ಅನಾಥ. ಪ್ರಶ್ನೆ ಬಿಟ್ಟಾಗ ಓಎಂಆರ್‌ನ ಆ ಸಾಲನ್ನೂ ಬಿಡಬೇಕು, ಅಷ್ಟೆ; ಮರೆತರೆ ಮುಂದಿನ ಸರಿಯುತ್ತರಗಳೆಲ್ಲ ಪಕ್ಕದ ಪ್ರಶ್ನೆಯ ಪಾಲು.

ಇನ್ನು ಊಹೆಯ ವಿಷಯ. ಐದು ಆಯ್ಕೆ ಕೊಟ್ಟು, ತಪ್ಪಿಗೆ ಕಾಲು ಅಂಕ ಕಳೆಯುವ ಬ್ಯಾಂಕ್ ಪರೀಕ್ಷೆಯಲ್ಲಿ ಕಣ್ಣುಮುಚ್ಚಿ ಊಹಿಸಿದರೆ ಸರಾಸರಿ ಲಾಭ ಸೊನ್ನೆ. ಸಿಇಟಿಯಲ್ಲಿ ಆಯ್ಕೆ ನಾಲ್ಕೇ, ತಪ್ಪಿಗೆ ಕಡಿತವೂ ಇಲ್ಲ. ಏನೂ ತಿಳಿಯದ 20 ಪ್ರಶ್ನೆಗಳಿಗೆ ಸುಮ್ಮನೆ ಮಸಿ ತುಂಬಿದರೂ ಸರಾಸರಿ 5 ಅಂಕ. ಆದ್ದರಿಂದ ಸ್ವಾಭಿಮಾನಿ ಮಕ್ಕಳೇ, ಕೊನೆಯ ಎರಡು ನಿಮಿಷ ಲೆಕ್ಕ ನಿಲ್ಲಿಸಿ, ಒಂದು ಸಾಲನ್ನೂ ಖಾಲಿ ಬಿಡದೆ ಎದ್ದು ಬನ್ನಿ.