ಸ್ವಾರಗೇಟಿನ ಫುಕಟ್ ಡಾಕ್ಟರ್

ಸ್ವಾರಗೇಟ ಎಸ್‌ಟಿ ಸ್ಟ್ಯಾಂಡಿನಲ್ಲಿ ವಿಜಯಪುರದ ಗಾಡಿಗೆ ಕಾಯುವವರೆಲ್ಲ ಪ್ರಯಾಣಿಕರಲ್ಲ. ಕಂಡಕ್ಟರನ ಕೈಯಲ್ಲಿ ಊರಿಂದ ಬರುವ ರೊಟ್ಟಿ ಗಂಟು, ಶೇಂಗಾ ಚಟ್ನಿ ಇಸಿದುಕೊಳ್ಳಲು ಬಂದವರೂ ಇರುತ್ತಾರೆ. ಗಾಡಿ ಹೊತ್ತಿಗೆ ಬರುವುದಿಲ್ಲ. ಕಾಕಾ ಮಾತ್ರ ಹೊತ್ತಿಗೆ ಮುಂಚೆಯೇ ಬಂದಿರುತ್ತಾರೆ. ಯಾರ ಕಾಕಾ ಎಂದು ಕೇಳಬೇಡಿ. ಪುಣೆಗೆ ಬಂದು ನೆಲೆಸಿದ ನಮ್ಮ ಕಡೆಯವರಿಗೆಲ್ಲ ಕಾಕಾ. ಎದುರಿಗಿದ್ದವನ ಮುಖ ತುಸು ಬಾಡಿದ್ದರೆ ಸಾಕು, ಬೆಂಚಿನ ಮೇಲೆ ಜರುಗಿ ಜಾಗ ಮಾಡುತ್ತಾರೆ: "ಯಾಕ ತಮ್ಮಾ, ಟೆನ್ಷನ್ ಏನು?"

ಮೈಯ ಕಾಯಿಲೆಗಳ ವಿಷಯದಲ್ಲಿ ಕಾಕಾನದು ತೆರೆದ ಮನೆ. ತಮ್ಮ ಮಂಡಿಯ ಎಕ್ಸ್‌ರೇಯನ್ನು ಸ್ಟ್ಯಾಂಡಿನ ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು, ಸವೆದ ಜಾಗವನ್ನು ಬೆರಳಿಟ್ಟು ತೋರಿಸುತ್ತಾರೆ. ಸಾತಾರಾ ಗಾಡಿಗೆ ಹೊರಟ ಅಪರಿಚಿತರೂ ನಿಂತು ನೋಡಿ ಹೋಗುತ್ತಾರೆ. ಸಕ್ಕರೆ ಎಷ್ಟು, ಬಿಪಿ ಎಷ್ಟು, ಎಲ್ಲ ಬಾಯಿಪಾಠ. ಮನಸ್ಸಿನ ಮಾತು ಬಂತೋ, ಭೂಗೋಳ ಎರಡೇ ಊರಿಗೆ ಕುಗ್ಗುತ್ತದೆ: ಧಾರವಾಡ, ಯರವಡಾ. ಧಾರವಾಡಕ್ಕೆ ಮನುಷ್ಯ ಪೇಢೆಗಾಗಿ ಹೋಗಬೇಕು, ಇಲ್ಲವೇ ಅವನನ್ನು ಯಾರಾದರೂ ಕರೆದೊಯ್ಯಬೇಕು. ಯರವಡಾದಲ್ಲಂತೂ ಜೈಲೂ ಇದೆ, ಮನೋರುಗ್ಣಾಲಯವೂ ಇದೆ. ಕಾಕಾ ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತಾರೆ.

ನನಗೆ ನಿದ್ದೆ ಹತ್ತದ ಕಾಲವೊಂದಿತ್ತು. ಮುಕುಂದನಗರದ ಒಂದು ಕಟ್ಟಡದಲ್ಲಿ ಮೊದಲ ಮಹಡಿಗೆ ದಂತವೈದ್ಯರು, ಎರಡನೆಯದಕ್ಕೆ ಮನೋವೈದ್ಯರು. ಹೀಗೆ ಬಾಡಿಗೆ ಕೊಟ್ಟ ಮಾಲೀಕನಿಗೆ ನೂರು ವರ್ಷ ಆಯುಸ್ಸಿರಲಿ. ಮೆಟ್ಟಿಲ ಬುಡದಲ್ಲೇ ಕಾಕಾ ಎದುರಾದರು, ಹೊಸ ಹಲ್ಲಿನ ಸೆಟ್ಟನ್ನು ಡಬ್ಬಿಯಲ್ಲಿ ಹಿಡಿದುಕೊಂಡು.

"ನೀ ಏನಪಾ ಇಲ್ಲಿ?"

"ಹಲ್ಲು, ಕಾಕಾ."

ಮರುವಾರ ಸ್ಟ್ಯಾಂಡಿಗೆ ಹೋದರೆ ನನ್ನ ಹಲ್ಲು ಊರ ಹಲ್ಲಾಗಿತ್ತು. ಒಬ್ಬರು ಲವಂಗ ಕೊಟ್ಟರು, ಇನ್ನೊಬ್ಬರು ಉಪ್ಪುನೀರು ಮುಕ್ಕಳಿಸಲು ಹೇಳಿದರು. ಇಂಡಿಯಿಂದ ಅತ್ತೆ ರೊಟ್ಟಿ ಕಳಿಸುವುದನ್ನು ನಿಲ್ಲಿಸಿ, ಮೆತ್ತಗಿರಲೆಂದು ಹೋಳಿಗೆ ಕಳಿಸಿದರು. ನನ್ನ ಹಲ್ಲಿಗೆ ಸಿಕ್ಕಷ್ಟು ಅಂತಃಕರಣ ನನಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಹೋಳಿಗೆ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ಕಾಕಾನ ಕಿವಿಯಲ್ಲಿ ಹೇಳಿದೆ: ನಾನು ಹೋಗುವುದು ಇನ್ನೊಂದು ಮಹಡಿ ಮೇಲಕ್ಕೆ.

ಕಾಕಾ ಸುತ್ತ ನೋಡಿದರು. ಮಂಡಿಯ ಬಗ್ಗೆ ಇಡೀ ಪ್ಲಾಟ್‌ಫಾರ್ಮಿಗೆ ಕೇಳಿಸುವ ದನಿ ಪಿಸುಮಾತಿಗೆ ಇಳಿಯಿತು: "ಯಾರ ಮುಂದೂ ಹೇಳಬ್ಯಾಡ. ಮನ್ಯಾಗ ಲಗ್ನದ ತಂಗಿ ಅದಾಳ." ಅದರ ಬೆನ್ನಿಗೇ ಔಷಧ: ದಿನಾ ಸಂಜಿಕೆ ಪರ್ವತಿ ಹತ್ತು, ಸಾರಸಬಾಗಿನ ಗಣಪತಿಗೆ ಕೈಮುಗಿ, ಮನಸ್ಸು ಗಟ್ಟಿ ಮಾಡ್ಕೊ. ಅವರಿಗೆ ಮಂಡಿ ಗಟ್ಟಿ ಮಾಡ್ಕೊರಿ ಎಂದು ಯಾರೂ ಹೇಳಿದ್ದಿಲ್ಲ.

ಮೋಜೆಂದರೆ, ಕಾಕಾ ನಿವೃತ್ತ ವಿಮಾ ಏಜೆಂಟರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನಸ್ಸಿನ ಕಾಯಿಲೆಗೂ ಮೈಯ ಕಾಯಿಲೆಗೆ ಇರುವಂತೆಯೇ ವೈದ್ಯವಿಮೆ ಕೊಡಬೇಕೆಂದು ಹೇಳಿದೆ ಎಂಬುದು ನನಗೆ ತಿಳಿದದ್ದೇ ಅವರಿಂದ. ಪಾಲಿಸಿ ಇರಬೇಕು, ಬಳಸಬಾರದು, ಅಷ್ಟೆ. ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕವೊಂದನ್ನು ಕೊಟ್ಟೆ. ಮರಾಠಿ ಪೇಪರಿನ ರಟ್ಟು ಹಾಕಿಕೊಂಡು ಓದಿದರು. ಈಗ ಬೆಂಚಿಗೆ ಬಂದವರಿಗೆಲ್ಲ "ಇದಕ್ಕ ಖಿನ್ನತೆ ಅಂತಾರ" ಎಂದು ರೋಗ ಗುರುತಿಸಿ, ಪರ್ವತಿಗೇ ಕಳಿಸುತ್ತಾರೆ.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮನಸ್ಸಿನ ಕಾಯಿಲೆ ಇದ್ದೂ ಚಿಕಿತ್ಸೆ ಸಿಗದವರು, ಒಂದೊಂದು ಕಾಯಿಲೆಗೆ ಒಂದೊಂದು ಲೆಕ್ಕದಂತೆ, ಶೇಕಡಾ 70ರಿಂದ 92. ವೈದ್ಯರ ಕೊರತೆ ಇದೆ, ದುಡ್ಡಿನ ಅಡಚಣೆ ಇದೆ, ನಿಜ. ರೋಗಿಗೂ ವೈದ್ಯರಿಗೂ ನಡುವಿನ ಆ ಜಾಗದಲ್ಲಿ ಬೆಂಚು ಹಾಕಿಕೊಂಡು ಕೂತವರೂ ಇದ್ದಾರೆ.

ಬೈಯೋಣವೆಂದರೆ ಆ ಹುಡುಗ ನೆನಪಾಗುತ್ತಾನೆ. ಸ್ಪರ್ಧಾ ಪರೀಕ್ಷೆಗೆಂದು ಪುಣೆಗೆ ಬಂದು, ಮತ್ತೆ ಫೇಲಾಗಿ, ಊರ ಗಾಡಿ ಹತ್ತಲೂ ಆಗದೆ, ಕೋಣೆಗೆ ಮರಳಲೂ ಆಗದೆ ಚೀಲ ತಬ್ಬಿಕೊಂಡು ಕೂತಿದ್ದ. ಕಾಕಾ ಅವನಿಗೆ ಪರ್ವತಿ ಹೇಳಲಿಲ್ಲ, ಗಣಪತಿ ಹೇಳಲಿಲ್ಲ. ತಮ್ಮ ಗಂಟು ಬಿಚ್ಚಿ, ರೊಟ್ಟಿ ಮುರಿದು ಕೈಗೆ ಕೊಟ್ಟು, ಬೆಳಗಿನ ಗಾಡಿಯವರೆಗೆ ಪಕ್ಕದಲ್ಲೇ ಕೂತರು. ಸವೆದ ಮಂಡಿ, ಕಬ್ಬಿಣದ ಬೆಂಚು, ಸೊಳ್ಳೆ. ಬಾಯಿ ಮುಚ್ಚಿ ಕೂರುವುದು ಅವರಿಗೆ ಬರುತ್ತದೆಂದು ಅವತ್ತೇ ನನಗೆ ಗೊತ್ತಾದದ್ದು. ಆ ಹುಡುಗನಿಗೆ 14416 ಎಂಬ ನಂಬರನ್ನೂ ಬರೆದುಕೊಟ್ಟಿದ್ದರೆ! 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಅದು. ಹಗಲೂ ರಾತ್ರಿ ಇರುತ್ತದೆ, ಕಾಸಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಇದನ್ನು ಕಾಕಾನಿಗೆ ಹೇಳಿದೆ.

"ಕಾಸಿಲ್ಲಾ?" ಏಜೆಂಟರ ಕಣ್ಣು ಕಿರಿದಾಯಿತು. "ಮತ್ತ ನಿನ್ನ ಡಾಕ್ಟರ್ ಎಷ್ಟ ತಗೋತಾನ?"

ಹೇಳಿದೆ.

"ಅಷ್ಟ ರೊಕ್ಕಾ! ಏನ್ ಮಾಡ್ತಾನ ಅಂವಾ?"

"ನಾ ಹೇಳಿದ್ದು ಕೇಳ್ತಾರ, ಕಾಕಾ."

"ಬರೇ ಕೇಳಾಕ? ತಮ್ಮಾ, ನಾ ಇಷ್ಟ ವರ್ಷದಿಂದ ಫುಕಟ್…" ಎಂದು ಶುರುಮಾಡಿದವರು, ಗಾಡಿ ಬಂದು ಕಂಡಕ್ಟರ್ ಗಂಟು ಇಳಿಸಿ ಹೋದಮೇಲೂ ನಿಲ್ಲಿಸಲಿಲ್ಲ.