ಇಂಜಿನ್ ಮಾಡಿಸಿದ್ರೂ ಹೊಗಿ ನಿಂದ್ರವಲ್ದು!

ಜ್ವರ ಬಂದರೆ ಔಷಧ ಹೇಳುವವರು ನಾಲ್ಕು ಮಂದಿ; ಗಾಡಿ ಹೊಗೆ ಬಿಟ್ಟರೆ ನಲವತ್ತು. ಅದೂ ಆಗಷ್ಟೇ ಇಂಜಿನ್ ಕೆಲಸ ಮುಗಿಸಿ ಹೊರಬಿದ್ದ ಗಾಡಿಯಾದರೆ ಕೇಳುವುದೇ ಬೇಡ. ಲೇಥಿನಲ್ಲಿ ಬೋರ್ ಮಾಡಿಸಿ, ಹೊಸ ಪಿಸ್ಟನ್-ರಿಂಗ್ ಹಾಕಿಸಿ, ರೊಕ್ಕ ಎಣಿಸಿ ಕೊಟ್ಟು, ಬೈಲಹೊಂಗಲದ ಬಜಾರದಲ್ಲಿ ಚಹಾ ಕುಡಿಯಲು ನಿಲ್ಲಿಸಿದಿರೋ, ಸೈಲೆನ್ಸರಿನ ಒಂದೆಳೆ ಹೊಗೆಗೆ ಪಂಚಾಯಿತಿ ಸೇರುತ್ತದೆ.

“ರಿಂಗ್ ಉಲ್ಟಾ ಕುಂತಾವ್ರಿ.”

“ರಿಂಗ್ ಅಲ್ಲೋ ತಮ್ಮಾ, ವಾಲ್ವ್ ಸೀಲ್ ಹೋಗೇತಿ.”

ಜೀವಮಾನದಲ್ಲಿ ಸೈಕಲ್ ಬಿಟ್ಟು ಬೇರೇನೂ ಹತ್ತದ ಕಾಕಾ ಒಬ್ಬರು ಬಗ್ಗಿ, ಮೂಸಿ, “ಡೂಪ್ಲಿಕೇಟ್ ಪಿಸ್ಟನ್ ಹಾಕ್ಯಾನ, ಬಿಚ್ಚಿಸಿಬಿಡು” ಎಂದು ತೀರ್ಪು ಕೊಡುತ್ತಾರೆ. ಮೇಲ್ಮನವಿಗೆ ಅವಕಾಶವಿಲ್ಲ.

ಈ ಪಂಚರಿಗೆ ಮೂರು ಬಣ್ಣದ ಮಗ್ಗಿ ಬಾಯಿಪಾಠ: ನೀಲಿ ಬಂದರೆ ಆಯಿಲ್, ಕಪ್ಪು ಬಂದರೆ ಪೆಟ್ರೋಲು, ಬಿಳಿ ಬಂದರೆ ನೀರು. ಮಗ್ಗಿ ತಪ್ಪಲ್ಲ, ಅರ್ಧ. ನೀಲಿ ಹೊಗೆ ಆಯಿಲ್ ಸುಡುತ್ತಿದೆ ಎಂದಷ್ಟೇ ಹೇಳುತ್ತದೆ. ಆ ಆಯಿಲ್ ಪಿಸ್ಟನ್ ಪಕ್ಕದಿಂದ ಮೇಲೆ ಹತ್ತಿತೋ, ವಾಲ್ವಿನ ಕಾಂಡದ ಗುಂಟ ಕೆಳಗೆ ಇಳಿಯಿತೋ ಹೇಳುವುದಿಲ್ಲ. ಹೊಗೆಗೆ ಬಣ್ಣ ಕೇಳಿದ ಮೇಲೆ ಹೊತ್ತನ್ನೂ ಕೇಳಬೇಕು. ಯಾವಾಗ ಬರುತ್ತೀಯಪ್ಪಾ? ಮುಂಜಾನೆಯೋ, ಏರಿನಲ್ಲೋ, ಇಳಿಜಾರಿನಲ್ಲೋ? ಹೀಗೆ ಕೇಳಲು ಬೇಕಾದ ಲ್ಯಾಬೊರೇಟರಿಯನ್ನು ದೇವರು ನಮ್ಮ ಬೈಲಹೊಂಗಲ, ರಾಮದುರ್ಗ, ಕಿತ್ತೂರು, ಸವದತ್ತಿ ತಾಲ್ಲೂಕುಗಳಲ್ಲೇ ಕಟ್ಟಿಸಿಟ್ಟಿದ್ದಾನೆ.

ಮೊದಲು ರಾಮದುರ್ಗಕ್ಕೆ ಹೋಗೋಣ. ಮಲಪ್ರಭೆಯ ದಂಡೆ, ಮಾಗಿಯ ಚಳಿ, ಮುಂಜಾನೆಯ ಮೊದಲ ಕಿಕ್. ಸೈಲೆನ್ಸರಿನಿಂದ ಬೆಳ್ಳನೆಯ ಹೊಗೆ. ಪೆಟ್ರೋಲು ಉರಿದಾಗ ನೀರಾವಿ ಹುಟ್ಟುವುದು ಸಹಜ. ತಣ್ಣಗಿನ ಸೈಲೆನ್ಸರಿನಲ್ಲಿ ಅದು ಹನಿಗಟ್ಟುತ್ತದೆ, ಸೈಲೆನ್ಸರು ಬಿಸಿಯಾದ ಮೇಲೆ ಮಾಯವಾಗುತ್ತದೆ. ಆದರೆ ಅಷ್ಟರೊಳಗೆ ಒಬ್ಬರು “ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಸೋರಾಕ ಹತ್ತೇತಿ” ಎಂದಿರುತ್ತಾರೆ. ಅದು ಟ್ರ್ಯಾಕ್ಟರಿನ ಕಾಯಿಲೆ ಸ್ವಾಮಿ! ಗಾಳಿಗೆ ತಣಿಯುವ 100 ಸಿಸಿ ಗಾಡಿಗೆ ರೇಡಿಯೇಟರೇ ಇಲ್ಲ. ಇಲ್ಲದ ನೀರನ್ನೂ ಸೋರಿಸಬಲ್ಲ ಪವಾಡಪುರುಷರು ನಮ್ಮವರು.

ಇನ್ನು ಕಿತ್ತೂರು. ನಾಟಕದ ಚೆನ್ನಮ್ಮ ಕಪ್ಪ ಕೊಡೆನೆಂದು ಗುಡುಗುವ ಊರಿನಲ್ಲಿ ಕಪ್ಪು ಹೊಗೆ ಬಿಡುತ್ತ ಹೋಗುವುದು ಮರ್ಯಾದೆಯಲ್ಲ. ಪುಣೆ-ಬೆಂಗಳೂರು ಹೆದ್ದಾರಿಗೆ ಬಿದ್ದು ಎಕ್ಸಲೇಟರ್ ತಿರುವಿದಾಗ ಕರ್ರನೆಯ ಹೊಗೆ ಬಂದರೆ ರಿಂಗನ್ನು ಬೈಯಬೇಡಿ. ಚೋಕ್ ಎಳೆದದ್ದು ಹಾಗೇ ಉಳಿದಿರಬೇಕು, ಎರೆಮಣ್ಣಿನ ದೂಳು ತಿಂದು ಏರ್ ಫಿಲ್ಟರ್ ಕಟ್ಟಿರಬೇಕು, ಇಲ್ಲವೇ ಕಾರ್ಬೋರೇಟರ್ ಉಕ್ಕುತ್ತಿರಬೇಕು. ಪ್ಲಗ್ ಬಿಚ್ಚಿ ನೋಡಿ: ಒಣ ಮಸಿ ಇದ್ದರೆ ಪೆಟ್ರೋಲು ಹೆಚ್ಚು, ಜಿಡ್ಡು ಮೆತ್ತಿದ್ದರೆ ಆಯಿಲ್, ತಿಳಿಗಂದು ಬಣ್ಣವಿದ್ದರೆ ಪ್ಲಗ್ ಮುಚ್ಚಿ ಮನೆಗೆ ಹೋಗಿ.

ನಿಜವಾದ ಪರೀಕ್ಷೆ ಸವದತ್ತಿಯಲ್ಲಿದೆ. ಎಲ್ಲಮ್ಮನ ಗುಡ್ಡದ ಏರಿನಲ್ಲಿ ಇಂಜಿನ್ ದುಡಿಯುವಾಗ ನೀಲಿ ಹೊಗೆ ಒಂದೇ ಸಮನೆ ಬಂದರೆ ಅನುಮಾನ ರಿಂಗು, ಬೋರಿನ ಮೇಲೆ. ರಿಂಗಿನ ಗುರುತು ಮೇಲ್ಮುಖವಾಗಿದೆಯೇ, ರಿಂಗುಗಳ ಬಾಯಿ ಒಂದೇ ಸಾಲಿಗೆ ಬಂದಿವೆಯೇ, 0.25 ಮಿ.ಮೀ. ದೊಡ್ಡ ಪಿಸ್ಟನ್ ತಂದು ಅದರ ಅಳತೆಗೇ ಬೋರ್ ಮಾಡಿದ್ದಾರೆಯೇ ಎಂದು ಆಗ ವಿಚಾರಿಸಿ. ಇಳಿಯುವಾಗ ಎಕ್ಸಲೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಬನ್ನಿ. ಆಗ ಗಾಳಿಯ ದಾರಿ ಮುಚ್ಚಿ ಇಂಜಿನ್ ಒಳಗೆ ಜೋರು ಸೆಳೆತ ಹುಟ್ಟುತ್ತದೆ. ವಾಲ್ವ್ ಸೀಲ್ ಸಡಿಲಿದ್ದರೆ ಆಯಿಲನ್ನು ಒಳಗೆಳೆದುಕೊಳ್ಳುತ್ತದೆ. ಕೆಳಗೆ ಬಂದು ಎಕ್ಸಲೇಟರ್ ಕೊಟ್ಟೊಡನೆ ಭುಸ್ಸೆಂದು ನೀಲಿ ಮೋಡ ಎದ್ದರೆ ಕಳ್ಳ ಸಿಕ್ಕ. ರಾತ್ರಿಯೆಲ್ಲ ನಿಂತ ಗಾಡಿ ಬೆಳಗ್ಗೆ ಒಂದೇ ಸಲ ನೀಲಿ ಕೆಮ್ಮಿ ಸುಮ್ಮನಾಗುವುದೂ ಇವನದೇ ಕೆಲಸ. ಆದರೆ ಓಡಿಸುವವನಿಗೆ ತನ್ನ ಹೊಗೆ ತನಗೆ ಕಾಣುವುದಿಲ್ಲ. ಹಿಂದೆ ಇನ್ನೊಂದು ಗಾಡಿ ಬೇಕು. ಹೆಚ್ಚು ಮಾತಾಡಿದವರನ್ನೇ ಅದರ ಮೇಲೆ ಕೂರಿಸಿ. ದೇವಿಯ ದರ್ಶನವೂ ಆಗುತ್ತದೆ, ಬಾಯಿಯೂ ಮುಚ್ಚಿರುತ್ತದೆ.

ಈ ಪ್ರವಾಸಕ್ಕೂ ಮೊದಲು ಹೊಗೆಗೆ ಎರಡು ವಿನಾಯಿತಿ ಕೊಡಬೇಕು. ಹಳೆಯ ಇಂಜಿನ್ ಉಗುಳಿದ ಆಯಿಲ್ ಸೈಲೆನ್ಸರಿನೊಳಗೆ ಕುಂತಿರುತ್ತದೆ, ಜೋಡಿಸುವಾಗ ಮಿಸ್ತ್ರಿ ಸವರಿದ ಆಯಿಲೂ ಇರುತ್ತದೆ; ಅದೆಲ್ಲ ಸುಟ್ಟು ಮುಗಿಯುವವರೆಗೆ ಹೊಗೆ ಬರಲೇಬೇಕು. ಎರಡನೆಯದು ನಮ್ಮ ಉದಾರತನ. ಒಂದು ಲೀಟರಿನ ಆಸುಪಾಸು ಹಿಡಿಸುವ ಇಂಜಿನ್‌ಗೆ, ಬೀಗರ ಹೋಳಿಗೆಗೆ ತುಪ್ಪ ಬಡಿಸಿದಂತೆ “ಇರ್ಲಿ, ಇನ್ನೊಂದಿಷ್ಟು” ಎಂದು ಸುರಿದಿರುತ್ತಾರೆ. ಹೆಚ್ಚಾದದ್ದು ಬ್ರೀದರ್ ಪೈಪಿನ ದಾರಿ ಹಿಡಿದು ಏರ್ ಫಿಲ್ಟರ್ ಸೇರಿ, ಅಲ್ಲಿಂದ ಹೊಗೆಯಾಗುತ್ತದೆ. ಗೇಜ್ ಕಡ್ಡಿ ತೆಗೆದು ನೋಡಲು ಯಾವ ಪದವಿಯೂ ಬೇಕಿಲ್ಲ.

ಇನ್ನೊಂದು ಶಾಸ್ತ್ರವಿದೆ. ಹೊಸ ಇಂಜಿನ್ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, “ರಿಂಗ್ ಕುಂಡರ್ಲಿ” ಎಂದು ತಾಸುಗಟ್ಟಲೆ ಸ್ಲೋದಲ್ಲಿ ಓಡಿಸಿ ಬಿಡುವುದು. ರಿಂಗು ಕೂರುವುದು ಹಾಗಲ್ಲ. ಉರಿದ ಗಾಳಿ ರಿಂಗಿನ ಬೆನ್ನಿಗೆ ಹೊಕ್ಕು ಅದನ್ನು ಗೋಡೆಗೆ ಒತ್ತಬೇಕು. ಹೋನ್ ಮಾಡಿದ ಬೋರಿನ ಸಣ್ಣ ಗೀರುಗಳ ಮೇಲೆ ಉಜ್ಜಿ ಉಜ್ಜಿ ಎರಡೂ ಹೊಂದಿಕೊಳ್ಳಬೇಕು. ಸ್ಲೋದಲ್ಲಿ ಆ ಒತ್ತಡವೆಲ್ಲಿ? ಗೋಡೆ ಕನ್ನಡಿಯಂತೆ ನುಣುಪಾಗಿ ರಿಂಗು ಜಾರತೊಡಗುತ್ತದೆ. ನಡುಮಟ್ಟದ ವೇಗದಲ್ಲಿ ಏರಿಳಿತ ಮಾಡುತ್ತ ಓಡಿಸಬೇಕು, ಎಳೆದಾಡಬಾರದು, ಮಲಗಿಸಲೂಬಾರದು. ಕೆಲವು ನೂರು ಕಿಲೋಮೀಟರ್ ಆದ ಮೇಲೆ ಹೊಗೆಯ ನ್ಯಾಯ ನೋಡಬೇಕು.

ಇಷ್ಟೆಲ್ಲ ಕೇಳಿದ ಹಳೆಯ ಯೆಜ್ಡಿ ಮಾಲಕರು ನಗುತ್ತಾರೆ. “ನಮ್ಮ ಕಾಲದಾಗ ಹೊಗಿ ಬಿಡಲಿಲ್ಲಂದ್ರ ಗಾಡಿ ಬಂದ್ ಬಿದ್ದೇತಿ ಅಂತಿದ್ವಿ!” ಯೆಜ್ಡಿಯ ತವರಾದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಕಟ್ಟಿದ್ದು ಟೂ-ಸ್ಟ್ರೋಕ್ ಗಾಡಿ, ಅಲ್ಲಿ ಪೆಟ್ರೋಲಿನ ಜೊತೆಗೇ ಆಯಿಲ್ ಉರಿಯುತ್ತದೆ, ಹೊಗೆ ಅದರ ಹುಟ್ಟುಗುಣ. 1985ರಲ್ಲಿ ಫೋರ್-ಸ್ಟ್ರೋಕ್ ಹೀರೋ ಹೊಂಡಾ ಸಿಡಿ 100 ಬಂದ ಮೇಲೆಯೇ ನಮಗೆ ಹೊಗೆಗೆ ನಾಚುವುದು ಬಂತು. ಆದರೂ ಯಜಮಾನರೇ, ಪೆಟ್ರೋಲಿಗೆ ಆಯಿಲ್ ಅಳೆದು ಹಾಕಿದ ಮೇಲೂ ದಟ್ಟ ಹೊಗೆ ಬಂದು ಗೇರ್ ಆಯಿಲ್ ಕಡಿಮೆಯಾಗುತ್ತಿದ್ದರೆ ಅದು ಹುಟ್ಟುಗುಣವಲ್ಲ, ಕ್ರ್ಯಾಂಕಿನ ಸೀಲು.

ಇಷ್ಟಾದರೂ ರಿಂಗೋ ವಾಲ್ವೋ ಜಗಳ ಮುಗಿಯದಿದ್ದರೆ ಕಂಪ್ರೆಷನ್ ಗೇಜ್ ಇರುವ ಮಿಸ್ತ್ರಿಯ ಹತ್ತಿರ ಹೋಗಿ. ಒಮ್ಮೆ ಅಳೆದು, ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಮುಳ್ಳು ಜಿಗಿದರೆ ರಿಂಗು ಸೋರುತ್ತಿದೆ. ಕದಲದಿದ್ದರೆ ವಾಲ್ವ್ ಕಡೆ ನೋಡಬೇಕು.

ಅಷ್ಟರಲ್ಲೂ ಯಾರಾದರೂ “ಬಿಚ್ಚಿಸಿಬಿಡು” ಎಂದರೆ ವಾದ ಮಾಡಬೇಡಿ. ಪ್ರತಿ ಸಲ ಬಿಚ್ಚಿದಾಗಲೂ ಗ್ಯಾಸ್ಕೆಟ್ ಹೊಸದೇ ಬೇಕು. “ಆಗ್ಲಿ ಕಾಕಾ, ಗ್ಯಾಸ್ಕೆಟ್ ಸೆಟ್ಟಿನ ರೊಕ್ಕ ನೀವು ಕೊಡ್ತೀರೇನು?” ಎಂದು ಎಲ್ಲರಿಗೂ ಕೇಳುವಂತೆ ಕೇಳಿ. ಹೊಗೆ ಹೋಗುತ್ತದೋ ಇಲ್ಲವೋ, ಮಂದಿಯಂತೂ ಹೋಗುತ್ತಾರೆ.