ಬೆಣ್ಣೆ ಥರಾ ಹೋಗ್ತಿದೆ ನೋಡಿ

ಆರ್‌ಟಿಎಕ್ಸ್ 4070, 4070 ಸೂಪರ್, 4070 ಟಿಐ, 4070 ಟಿಐ ಸೂಪರ್. ಇವು ನಾಲ್ಕೂ ಬೇರೆ ಬೇರೆ ಗ್ರಾಫಿಕ್ಸ್ ಕಾರ್ಡುಗಳು. ಮೊದಲೆರಡು ಅಂಕಿ ತಲೆಮಾರು, ಕೊನೆಯೆರಡು ಆ ತಲೆಮಾರಿನೊಳಗಿನ ಅಂತಸ್ತು. ಹಾಗಾಗಿ 3080 ಎಂಬ ಹಳಬ 4060 ಎಂಬ ಹೊಸಬನಿಗಿಂತ ಬಲಶಾಲಿ. ಲ್ಯಾಪ್‌ಟಾಪಿನ 4090ಕ್ಕೂ ಡೆಸ್ಕ್‌ಟಾಪಿನ 4090ಕ್ಕೂ ಹೆಸರೊಂದೇ, ಒಳಗಿನ ಚಿಪ್ಪೇ ಬೇರೆ. 2022ರಲ್ಲಿ ಎನ್ವಿಡಿಯಾದವರು 4080 ಎಂಬ ಒಂದೇ ಹೆಸರಲ್ಲಿ ಎರಡು ಕಾರ್ಡು ಪ್ರಕಟಿಸಿ, ಜನ ಬೈದ ಮೇಲೆ ಒಂದನ್ನು ವಾಪಸು ಪಡೆದು, 2023ರ ಜನವರಿಯಲ್ಲಿ ಅದನ್ನೇ 4070 ಟಿಐ ಎಂದು ಕರೆದು ಮಾರಿದರು.

ಇಷ್ಟೆಲ್ಲ ನನಗೆ ಬಾಯಿಪಾಠ. ಪೂಜೆಗೆ ಕೂತಾಗ ಪುರೋಹಿತರು ಗೋತ್ರ ಕೇಳಿದರೆ ಮಾತ್ರ ಅಣ್ಣನ ಮುಖ ನೋಡುತ್ತೇನೆ.

ಈ ಪಾಂಡಿತ್ಯಕ್ಕೆ ಮೂಲ, ಕಾಲೇಜಿನ ದಿನಗಳ ಸೈಬರ್ ಕೆಫೆ. ಗಂಟೆಗಿಷ್ಟು ಎಂದು ದುಡ್ಡು ತೆತ್ತು, ಪಕ್ಕದವನ ಬೆವರು ವಾಸನೆಯ ನಡುವೆ ಏಜ್ ಆಫ್ ಎಂಪೈರ್ಸ್ ಆಡಿ ಸಾಮ್ರಾಜ್ಯ ಕಟ್ಟಿದವರಲ್ಲಿ ನಾನೂ ಒಬ್ಬ. ತಲೆಗೂದಲು ಅರ್ಧ ಉದುರಿ, ಮನೆಸಾಲದ ಕೊನೆಯ ಕಂತು ತೀರಿದ ತಿಂಗಳು, ನನಗೂ ಒಂದು ಗೇಮಿಂಗ್ ಕಂಪ್ಯೂಟರ್ ಇರಲಿ ಅನಿಸಿತು. ಮನೆಯಲ್ಲಿ ಕಂಪ್ಯೂಟರಂತೂ ಇತ್ತು. ಒಂದು ಕಾರ್ಡು, ಒಂದು ಮಾನಿಟರ್ ತಂದರೆ ಮುಗಿಯಿತು ಎಂದುಕೊಂಡೆ. "2021ರಲ್ಲಿ ಕ್ರಿಪ್ಟೋದವರು ಕಾರ್ಡುಗಳನ್ನೆಲ್ಲ ಬಾಚಿಕೊಂಡು ಬೆಲೆ ಏರಿಸಿದ್ದರು ಕಣೇ, ಅದಕ್ಕೇ ತಡೆದುಕೊಂಡಿದ್ದೆ. ಎಷ್ಟು ಉಳಿಸಿದೀನಿ ಗೊತ್ತಾ?" ಎಂದು ಹೆಂಡತಿಗೆ ಹೇಳಿದೆ. ಉಳಿದ ದುಡ್ಡು ಎಲ್ಲಿದೆ ಎಂದು ಕೇಳಿದಳು. ನಾನು ಸ್ನಾನಕ್ಕೆ ಹೋದೆ.

ಕಾರ್ಡು ಮೊದಲೋ ಮಾನಿಟರ್ ಮೊದಲೋ? ಕಾರ್ಡು ನೋಡಿ ಮಾನಿಟರ್ ತಗೊಳ್ಳಿ ಎಂದು ಒಬ್ಬ ಯೂಟ್ಯೂಬಿನವನು, ಮಾನಿಟರ್ ನೋಡಿ ಕಾರ್ಡು ತಗೊಳ್ಳಿ ಎಂದು ಇನ್ನೊಬ್ಬ. ಇಬ್ಬರದೂ ಸರಿಯೇ. ಸಾಮಾನ್ಯ 1080ಪಿ ಪರದೆಯಲ್ಲಿ 20.7 ಲಕ್ಷ ಚುಕ್ಕಿಗಳಿರುತ್ತವೆ. 1440ಪಿಯಲ್ಲಿ 36.9 ಲಕ್ಷ. 4ಕೆಯಲ್ಲಿ 82.9 ಲಕ್ಷ, ಅಂದರೆ ಮೊದಲಿನದರ ಸರಿಯಾಗಿ ನಾಲ್ಕು ಪಟ್ಟು. ಇನ್ನು ಹರ್ಟ್ಸ್ ಎಂಬುದು ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕ. 1440ಪಿ ಪರದೆಗೆ 144 ಹರ್ಟ್ಸ್‌ನಲ್ಲಿ ಪೂರ್ತಿ ಊಟ ಹಾಕಬೇಕಾದರೆ ಪಾಪದ ಕಾರ್ಡು ಸೆಕೆಂಡಿಗೆ 53 ಕೋಟಿ ಚುಕ್ಕಿಗಳ ಬಣ್ಣ ತೀರ್ಮಾನಿಸಬೇಕು. ಕಾರ್ಡು ಸಣ್ಣದಾದರೆ ಮಾನಿಟರ್ ದಂಡ, ಮಾನಿಟರ್ ಸಣ್ಣದಾದರೆ ಕಾರ್ಡು ದಂಡ. ನಾನು ಎಕ್ಸೆಲ್ ಹಾಳೆ ತೆರೆದೆ. ಒಂದು ಕಾಲಮ್ಮಿನಲ್ಲಿ ಕಾರ್ಡು ಒಂದು ಮೆಟ್ಟಿಲು ಹತ್ತಿದರೆ ಪಕ್ಕದ ಕಾಲಮ್ಮಿನಲ್ಲಿ ಮಾನಿಟರ್ ತಾನೂ ಹತ್ತುತ್ತಿತ್ತು. ಅದು ಹತ್ತಿತೆಂದು ಕಾರ್ಡು ಮತ್ತೊಂದು ಮೆಟ್ಟಿಲು. ಮೂವತ್ತು ಸಾವಿರಕ್ಕೆ ಶುರುವಾದ ಹಾಳೆ ಲಕ್ಷ ತಲುಪುವಾಗ ರಾತ್ರಿ ಒಂದು ಗಂಟೆ. ನಿದ್ದೆ ಬಂದದ್ದರಿಂದ ಬೆಲೆ ಅಲ್ಲಿಗೆ ನಿಂತಿತು.

ಪರದೆಯ ಜಾತಿಗಳದು ಬೇರೆಯೇ ಕಥೆ. ಐಪಿಎಸ್‌ನಲ್ಲಿ ಬಣ್ಣ ಚೆನ್ನ, ಕತ್ತಲೆ ಮಾತ್ರ ಬೂದಿ ಬಳಿದಂತೆ. ವಿಎಯಲ್ಲಿ ಕತ್ತಲೆ ಕತ್ತಲೆಯೇ, ಆದರೆ ಅದರೊಳಗೆ ಓಡುವವನ ಹಿಂದೆ ಮಸಿಯ ಬಾಲ ಬರುತ್ತದೆ. ಓಲೆಡ್‌ನಲ್ಲಿ ಎರಡೂ ಚೆನ್ನ, ಆದರೆ ಒಂದೇ ಚಿತ್ರ ತಾಸುಗಟ್ಟಲೆ ನಿಲ್ಲುವುದೇ ರೂಢಿಯಾದರೆ ಅದು ಪರದೆಗೆ ಅಚ್ಚೊತ್ತಿಬಿಡುವ ಭಯ. ನಮ್ಮ ಮನೆಯಲ್ಲಿ "ರೀ, ಒಂದ್ನಿಮಿಷ ಬನ್ನಿ" ಎಂದರೆ ಆ ನಿಮಿಷದಲ್ಲಿ ಗಾಂಧಿ ಬಜಾರಿಗೆ ಹೋಗಿ ಸೊಪ್ಪು ತಂದು, ಬಿಡಿಸಿ, ಗ್ಯಾಸ್ ಬುಕ್ ಮಾಡಿ ಬರುವುದು ಸೇರಿರುತ್ತದೆ. ಓಲೆಡ್ ಬೇಡವೆಂದು ಹೊಡೆದುಹಾಕಿದೆ. ಈ ಇಡೀ ಪ್ರಕರಣದಲ್ಲಿ ನಾನು ಬುದ್ಧಿ ಉಪಯೋಗಿಸಿ ಮಾಡಿದ ತೀರ್ಮಾನ ಅದೊಂದೇ.

ಸಾದರ ಪತ್ರಪ್ಪ ರಸ್ತೆ ಎಂದರೆ ಬೆಂಗಳೂರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಎಸ್.ಪಿ. ರೋಡ್ ಎನ್ನಬೇಕು. ಟೌನ್ ಹಾಲಿನ ಹಿಂದಿನ ಆ ಇಕ್ಕಟ್ಟಿನಲ್ಲಿ ಒಂದು ಕಡೆ ಕಬ್ಬಿಣದ ಬೋಲ್ಟು, ನೀರೆತ್ತುವ ಮೋಟಾರು, ಇನ್ನೊಂದು ಕಡೆ ಮದರ್‌ಬೋರ್ಡು, ರ್‍ಯಾಮು. ನಾನು ಹೊಕ್ಕ ಅಂಗಡಿಯಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗ ಕೂತಿದ್ದ.

"ಯಾವ ಗೇಮ್ ಆಡ್ತೀರಾ ಸರ್?"

ಎಕ್ಸೆಲ್ ಹಾಳೆಯಲ್ಲಿ ಈ ಕಾಲಮ್ಮೇ ಇರಲಿಲ್ಲ. "ಏಜ್ ಆಫ್ ಎಂಪೈರ್ಸ್ ಎರಡು" ಎಂದೆ.

ಹುಡುಗ ನನ್ನ ಕೂದಲು ನೋಡಿದ. "ಅದು 1999ರದ್ದಲ್ವಾ ಸರ್?"

"ಇಲ್ಲಪ್ಪ, 2019ರಲ್ಲಿ ಹೊಸದಾಗಿ ಮಾಡಿ ಬಿಟ್ಟಿದಾರೆ" ಎಂದು ನಾನೇ ಆಟ ಬರೆದವನಂತೆ ಸಮರ್ಥಿಸಿಕೊಂಡೆ. 1999ರಲ್ಲೇ ಎನ್ವಿಡಿಯಾ ಜಿಫೋರ್ಸ್ 256 ಎಂಬ ಕಾರ್ಡನ್ನು ತಂದು, ಇದೇ ಜಗತ್ತಿನ ಮೊದಲ ಜಿಪಿಯು ಎಂದು ಸಾರಿತ್ತೆಂದೂ ಸೇರಿಸಿದೆ. ಕೇಳದಿದ್ದರೂ ಹೇಳುವ ರೋಗ ಆಗಲೇ ಹತ್ತಿತ್ತು.

"ಅದಕ್ಕೆ ಕಾರ್ಡೇ ಬೇಡ ಸರ್. ಇರೋದ್ರಲ್ಲೇ ಓಡುತ್ತೆ. ಸುಮ್ನೆ ಯಾಕೆ ದುಡ್ಡು."

ಆ ರಸ್ತೆಯಲ್ಲಿ ಅವತ್ತು ಇದ್ದ ಅತ್ಯಂತ ಪ್ರಾಮಾಣಿಕ ಮನುಷ್ಯ ಅವನೇ ಇರಬೇಕು. ನನಗೋ ಅವಮಾನವಾಯಿತು. ವಾರಗಟ್ಟಲೆ ಓದಿ ಬಂದವನಿಗೆ ಏನೂ ಬೇಡ ಎಂದರೆ ಹೇಗೆ? "ಮುಂದೆ ಬರೋ ಆಟಗಳಿಗೂ ಆಗಬೇಕಲ್ಲ" ಎಂದು ಗಂಭೀರವಾಗಿ ಹೇಳಿ, 4070 ಕೊಡಲು ಹೇಳಿದೆ. ಜತೆಗೆ 27 ಇಂಚಿನ, 1440ಪಿಯ, 144 ಹರ್ಟ್ಸ್‌ನ ಐಪಿಎಸ್ ಮಾನಿಟರ್. ಈ ಕಾರ್ಡಿಗೆ ಹಳೆಯ ಎಸ್‌ಎಂಪಿಎಸ್ ಸಾಲದೆಂದು 650 ವಾಟಿನ ಹೊಸದು. "ಫಿಟ್ ಮಾಡಿ ಕೊಡ್ಲಾ ಸರ್?" ಎಂದ. ಚಿಲ್ಲರೆ ದುಡ್ಡಿನ ಕೆಲಸ. "ಬೇಡ, ನನಗೆ ಗೊತ್ತು" ಎಂದೆ.

ಕಾರ್ಡು ಮೂವತ್ತು ಸೆಂಟಿಮೀಟರಿಗಿಂತ ಉದ್ದವಿತ್ತು, ಕ್ಯಾಬಿನೆಟ್ಟಿನೊಳಗೆ ಅಷ್ಟು ಜಾಗ ಇರಲಿಲ್ಲ. ಹಾರ್ಡ್‌ಡಿಸ್ಕ್ ಕೂರಿಸುವ ಗೂಡನ್ನು ಸ್ಕ್ರೂ ಬಿಚ್ಚಿ ತೆಗೆದೆ. ನಮ್ಮ ಗೃಹಪ್ರವೇಶದ ಫೋಟೋಗಳಿರುವ ಹಾರ್ಡ್‌ಡಿಸ್ಕು ಈಗ ಡಬಲ್ ಟೇಪಿನ ಆಧಾರದ ಮೇಲೆ ಬದುಕಿದೆ. ಮಾನಿಟರಿನ ಪೆಟ್ಟಿಗೆಯಲ್ಲಿ ಎರಡು ಕೇಬಲ್ ಇದ್ದವು. ಹೆಸರು ಪರಿಚಯವಿದ್ದ ಎಚ್‌ಡಿಎಂಐ ಕೇಬಲನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿ, ಇನ್ನೊಂದನ್ನು ಮೂಲೆಗೆಸೆದೆ. ಬಟನ್ ಒತ್ತಿದೊಡನೆ ಪರದೆ ಬೆಳಗಿತು.

ಆಮೇಲಿನ ದಿನಗಳ ವೈಭವ ಏನು ಹೇಳಲಿ! ಮೌಸ್ ಹಿಡಿದು ಬಾಣದ ಗುರುತನ್ನು ಈ ತುದಿಯಿಂದ ಆ ತುದಿಗೆ ಓಡಿಸುವುದು, "ಬೆಣ್ಣೆ ಥರಾ ಹೋಗ್ತಿದೆ ನೋಡಿ" ಎನ್ನುವುದು. ಮನೆಗೆ ಬಂದವರಿಗೆಲ್ಲ ಕಾಫಿಗೆ ಮುಂಚೆ ಇದು. ಎದುರು ಮನೆಯ ನಿವೃತ್ತ ಮೇಷ್ಟರು ಕನ್ನಡಕ ಏರಿಸಿ ನೋಡಿ, "ಹೌದೌದು, ಅಪ್ಪಟ ಬೆಣ್ಣೆ" ಎಂದರು. 60 ಹರ್ಟ್ಸ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡು ನಿಲ್ಲುತ್ತದೆ, 144ರಲ್ಲಿ ಬರೀ 6.9 ಎಂದು ಅವರಿಗೆ ವಿವರಿಸಿದೆ. "ಹತ್ತು ಮಿಲಿಸೆಕೆಂಡಿನ ವ್ಯತ್ಯಾಸ ಮೇಷ್ಟ್ರೇ! ಒಮ್ಮೆ ಇದಕ್ಕೆ ಕಣ್ಣು ಹೊಂದಿಕೊಂಡರೆ ಆಫೀಸಿನ ಮಾನಿಟರ್ ನೋಡಕ್ಕಾಗಲ್ಲ, ತಲೆನೋವು ಬರುತ್ತೆ." ನಿಜವಾಗಿಯೂ ಆಫೀಸಿನಲ್ಲಿ ತಲೆನೋವು ಬರತೊಡಗಿತ್ತು.

ಕಾರ್ಡಿನ ವಿಷಯದಲ್ಲಿ ನನ್ನ ಹೆಮ್ಮೆ ಇನ್ನೂ ಒಂದು ಕೈ ಮೇಲೆ. ಎಷ್ಟು ಹೊತ್ತು ಆಡಿದರೂ ಅದರ ಮೂರು ಫ್ಯಾನುಗಳಲ್ಲಿ ಒಂದೂ ತಿರುಗುತ್ತಿರಲಿಲ್ಲ. ಇಂಥ ಕಾರ್ಡುಗಳು ಬಿಸಿಯಾಗದಿದ್ದರೆ ಫ್ಯಾನು ನಿಲ್ಲಿಸಿಕೊಂಡೇ ಇರುತ್ತವೆ ಎಂದು ಓದಿದ್ದೆ. ಭಾವಮೈದುನನಿಗೆ ಕ್ಯಾಬಿನೆಟ್ಟಿನ ಗಾಜಿನಿಂದ ತೋರಿಸಿದೆ. "ನೋಡಯ್ಯಾ, ಎರಡು ಗಂಟೆ ಯುದ್ಧ ಮಾಡಿದೀನಿ, ಬೆವರೇ ಇಲ್ಲ ಅದಕ್ಕೆ." 2022ರಲ್ಲಿ ಕೆಲವು 4090 ಕಾರ್ಡುಗಳ ಪವರ್ ಕನೆಕ್ಟರ್ ಕರಗಿದ ಸುದ್ದಿ ಓದಿದ್ದೆನಾದ್ದರಿಂದ ಮಲಗುವ ಮುಂಚೆ ಮೊಣಕಾಲೂರಿ ಕಂಪ್ಯೂಟರಿನ ಹಿಂಭಾಗ ಮೂಸುವುದೂ ದಿನಚರಿಯಾಯಿತು. ದೇವರ ದೀಪ ಶಾಂತವಾಯಿತೇ ಎಂದು ಇಷ್ಟು ಶ್ರದ್ಧೆಯಿಂದ ನೋಡಿದವನಲ್ಲ ನಾನು.

ಒಂದೇ ಒಂದು ಅಪಸ್ವರ. ಕಾರ್ಡಿನ ಮರ್ಯಾದೆಗೆಂದು ಈಚಿನ ಆಟವೊಂದನ್ನು ಕೊಂಡಿದ್ದೆ. ಮಳೆ ಹುಯ್ಯುವ ದೊಡ್ಡ ನಗರ, ಅದರಲ್ಲಿ ಕಾರು ಓಡಿಸಬೇಕು. ಅದರ ನಾಯಕ ಒಂದು ಹೆಜ್ಜೆ ಇಟ್ಟು, ಯೋಚಿಸಿ, ಇನ್ನೊಂದು ಇಡುತ್ತಿದ್ದ. ಮಳೆಯ ಹನಿಗಳು ಒಂದೊಂದಾಗಿ ಅನುಮತಿ ಪಡೆದು ಬೀಳುತ್ತಿದ್ದವು. ಹಳೆಯ ಕಲಾತ್ಮಕ ಚಿತ್ರಗಳನ್ನು ನೋಡಿ ಬೆಳೆದವನಾದ್ದರಿಂದ ಇದು ನಿರ್ದೇಶಕರ ಶೈಲಿ ಎಂದು ಗೌರವದಿಂದ ಒಪ್ಪಿಕೊಂಡೆ.

ಮೈಸೂರಿನಿಂದ ತಂಗಿಯ ಮಗ ರಜಕ್ಕೆ ಬಂದ. ಎಂಜಿನಿಯರಿಂಗ್ ಓದುವ ಹುಡುಗ. ಅವನಿಗೂ ಬೆಣ್ಣೆ ತೋರಿಸಿದೆ. ಅವನು ಮೌಸ್ ತೆಗೆದುಕೊಂಡು ನಾಲ್ಕು ಸಲ ಆಡಿಸಿ, ಏನೂ ಮಾತಾಡದೆ ಡಿಸ್‌ಪ್ಲೇ ಸೆಟ್ಟಿಂಗ್ ತೆರೆದ. 60 ಹರ್ಟ್ಸ್ ಎಂದಿತ್ತು. ಮೊಬೈಲ್ ಟಾರ್ಚ್ ಹಚ್ಚಿ ಮೇಜಿನ ಹಿಂದೆ ಬಗ್ಗಿದ. ಬಹಳ ಹೊತ್ತು ಅಲ್ಲೇ ಇದ್ದ. ನಗು ತಡೆದುಕೊಳ್ಳಲು ಅಷ್ಟು ಹೊತ್ತು ಬೇಕಾಯಿತು ಎಂದು ಆಮೇಲೆ ಅವನೇ ತನ್ನಮ್ಮನಿಗೆ ಫೋನಿನಲ್ಲಿ ಹೇಳಿದ್ದು ಕೇಳಿಸಿತು.

"ಮಾವ, ಕೇಬಲ್ ಮದರ್‌ಬೋರ್ಡಿಗೆ ಚುಚ್ಚಿದೀರಿ. ಕಾರ್ಡಿಗಲ್ಲ."

ಪ್ರೊಸೆಸರಿನೊಳಗೇ ಒಂದು ಪುಟ್ಟ ಗ್ರಾಫಿಕ್ಸ್ ಇರುತ್ತದೆ. ಇಮೇಲು, ಎಕ್ಸೆಲ್ಲು, ಭಜನೆಯ ವಿಡಿಯೋಗಳಿಗೆ ಸಾಕಾಗುವಷ್ಟು. ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದರೆ ಚಿತ್ರ ಬರುವುದು ಅಲ್ಲಿಂದ. ನನ್ನ ಹಳೆಯ ಬೋರ್ಡಿನ ಆ ಕಿಂಡಿಗೆ ಈ ಪರದೆಯಲ್ಲಿ 60ರ ಮೇಲೆ ಹತ್ತುವ ಯೋಗ್ಯತೆಯೂ ಇರಲಿಲ್ಲ. ಇಷ್ಟು ದಿನ ಸಾಮ್ರಾಜ್ಯ ಕಟ್ಟಿದ್ದು, ಮೇಷ್ಟರಿಗೆ ಬೆಣ್ಣೆ ತೋರಿಸಿದ್ದು ಎಲ್ಲವೂ ಆ ಬಡಪಾಯಿ ಚಿಪ್ಪಿನ ಮೈಮುರಿತ. ಅರ್ಧ ಲಕ್ಷಕ್ಕೂ ಮೀರಿದ ಕಾರ್ಡು ಒಳಗೆ ಪಿಂಚಣಿದಾರರಂತೆ ಕೂತಿತ್ತು.

"ಒಂದು ಒಳ್ಳೇದು ಮಾವ" ಎಂದು ಹುಡುಗ ಸಮಾಧಾನ ಹೇಳಿದ. "ಕಾರ್ಡು ಹೊಸದಾಗೇ ಇದೆ. ಮಾರಿದ್ರೆ ಬಾಕ್ಸ್ ಪೀಸ್ ಅಂತ್ಲೇ ಹೋಗುತ್ತೆ."

144ಕ್ಕೆ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕೋಣ ಎಂದ. ಮೂಲೆಗೆಸೆದಿದ್ದೆನಲ್ಲ, ಅದೇ. ಹುಡುಕಿದರೆ ಇಲ್ಲ. ಹಳೆಯ ಪೇಪರಿನ ಕಟ್ಟಿಗೆ ಹಗ್ಗ ಸಿಗದೆ, ಕಪ್ಪಗೆ ಗಟ್ಟಿಯಾಗಿದ್ದ ಅದನ್ನೇ ಬಿಗಿದೆ ಎಂದಳು ಹೆಂಡತಿ. ರದ್ದಿಯವನು ಪೇಪರ್ ದರದಲ್ಲೇ ಅದನ್ನೂ ತೂಗಿ ಒಯ್ದಿದ್ದ. ಹೊಸದು ತಂದು, ಈ ಸಲ ಹುಡುಗನ ಕೈಯಲ್ಲೇ ಹಾಕಿಸಿ, ಮಳೆಯ ಆಟ ತೆರೆದೆ. ನಾಯಕ ಎದ್ದುಬಿದ್ದು ಓಡಿದ! ಮಳೆ ಧೋ ಎಂದಿತು. ಮೂರು ಫ್ಯಾನುಗಳೂ ತಿರುಗಿದವು. ನಾನು ಕಾರು ಹತ್ತುವಷ್ಟರಲ್ಲಿ ಮೇಜಿನ ಕೆಳಗಿನಿಂದ ಯುಪಿಎಸ್ ಕೀಂ ಎಂದು ಅರಚಿಕೊಂಡು, ಎಲ್ಲವನ್ನೂ ಆರಿಸಿ ಸುಮ್ಮನಾಯಿತು. 600 ವಿಎ ಯುಪಿಎಸ್, ತಾಳುವುದು 360 ವಾಟು. 4070 ಒಂದೇ ದುಡಿಯಲು ಕೂತರೆ 200 ವಾಟು ಎಳೆಯುತ್ತದೆ, ಅದರ ಮೇಲೆ ಪ್ರೊಸೆಸರು, ಮಾನಿಟರು. ಎಕ್ಸೆಲ್ ಹಾಳೆಗೆ ಯುಪಿಎಸ್ ಎಂದೊಂದು ಕಾಲಮ್ ಸೇರಿತು.

ಹೊಸ ಯುಪಿಎಸ್ ಬಂದ ದಿನ ಹುಡುಗ ಪರದೆಯನ್ನು 144ಕ್ಕೆ ಏರಿಸಿದ. ನಾನು ಮುಂದೆ ಬಾಗಿ, ಹಿಂದೆ ಸರಿದು, ಕನ್ನಡಕ ಹಾಕಿ, ತೆಗೆದು ನೋಡಿದೆ. ಸತ್ಯ ಹೇಳಬೇಕೆಂದರೆ, ಮೊದಲಿನ ಬೆಣ್ಣೆಯೇ. ಹುಡುಗನಿಗೆ ಸಂಶಯ ಬಂತು. "ಮಾವ, ಪರೀಕ್ಷೆ ಮಾಡೋಣ. ನೀವು ತಿರುಗಿ ನಿಂತ್ಕೊಳಿ, ನಾನು ಬದಲಾಯಿಸ್ತೀನಿ, ಆಮೇಲೆ ನೋಡಿ ಹೇಳಿ." ನಾನು 144 ಎಂದಾಗ 60 ಇತ್ತು. 60 ಎಂದಾಗ 144 ಇತ್ತು. ಸುಮ್ಮನೆ ಊಹಿಸಿದ್ದರೂ ಇದಕ್ಕಿಂತ ಹೆಚ್ಚು ಅಂಕ ಬರುತ್ತಿದ್ದವು.

ಹುರಳಿಕಾಯಿ ಮುರಿಯುತ್ತ ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಈಗ ಸರಿಯಾಗಿ ಹೋಗ್ತಿದೆ. ಆಗ ಎಳೀತಾ ಇತ್ತು" ಎಂದಳು. ಹುಡುಗ ಹೇಳದೆ ಬದಲಿಸಿದ. "ಮತ್ತೆ ಎಳೀತಿದೆ." ಬದಲಿಸಿದ. "ಹಾಂ, ಈಗ ಸರಿ." ಎಲ್ಲ ಸಲವೂ ಸರಿಯುತ್ತರ, ಅದೂ ಹುರಳಿಕಾಯಿಯಿಂದ ಪೂರ್ತಿ ಕಣ್ಣು ಕೀಳದೆ. "ಅಯ್ಯೋ, ಮೊದಲ ದಿನವೇ ಅಂದ್ಕೊಂಡಿದ್ದೆ, ಈ ಬಾಣ ಯಾಕೆ ಹೀಗೆ ಕುಂಟುತ್ತೆ ಅಂತ. ನೀವು ಅಷ್ಟು ಖುಷಿಯಾಗಿದ್ರಿ, ಸುಮ್ನಿದ್ದೆ."

ಆ ರಾತ್ರಿ ಧಾರಾವಾಹಿಗೆ ಕೂತವಳು ಸ್ವಲ್ಪ ಹೊತ್ತಿಗೇ ರಿಮೋಟ್ ಕೆಳಗಿಟ್ಟಳು. "ಈ ಸೊಸೆ ನಡೆಯೋವಾಗ ತಡವರಿಸ್ತಾಳೆ ಕಣ್ರೀ. ನಮ್ಮ ಟೀವಿ ಎಷ್ಟು ಹರ್ಟ್ಸು?"

ಟೀವಿ ಅರವತ್ತು, ಧಾರಾವಾಹಿಯ ಚಿತ್ರ ಬರುವುದೇ ಸೆಕೆಂಡಿಗೆ ಇಪ್ಪತ್ತೈದು, ಎರಡಕ್ಕೂ ತಾಳೆಯಾಗುವುದಿಲ್ಲ ಎಂದು ನನಗೆ ಗೊತ್ತಿದ್ದುದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಹೇಳಬಾರದಿತ್ತು. ಭಾನುವಾರ ಇಬ್ಬರೂ ಟೀವಿ ಅಂಗಡಿಗೆ ಹೋಗುವುದೆಂದು ಗೊತ್ತಾಗಿದೆ. ನೋಡಿ ಆರಿಸುವವಳು ಅವಳು. ನಾನು ಕಾರ್ಡು ಕೊಡಬೇಕಂತೆ, ಬ್ಯಾಂಕಿನದು.